ಇನ್ನೂ ಮುಕ್ಕಾಲು ನಿಮಿಷ

ಕಳೆದ ತಿಂಗಳು ಬಸವಾಪಟ್ಟಣದಲ್ಲಿ, ನನ್ನ ಜೊತೆ ಕೆಲಸ ಮಾಡಿ ತೀರಿಕೊಂಡ ಆಕೆಯ ಪುಣ್ಯಾನುಮೋದನೆ ಇತ್ತು. ಹತ್ತೂವರೆಗೆ ಕರೆದಿದ್ದರು. ನಾನು ಹತ್ತಕ್ಕೇ ಹೋಗಿ ಮೊದಲ ಸಾಲಿನಲ್ಲಿ ಕೂತಿದ್ದೆ. ಬುದ್ಧನ ಪಟದ ಪಕ್ಕ ಆಕೆಯ ಫೋಟೊ ಇಟ್ಟು ಮೇಣದ ಬತ್ತಿ ಹಚ್ಚಿದ್ದರು. ಎಲ್ಲರೂ ಎದ್ದು ನಿಂತು ತ್ರಿಶರಣ, ಪಂಚಶೀಲ ಹೇಳಿದ್ದಾಯಿತು. ಆಮೇಲೆ ಆಕೆಯ ಯಜಮಾನರು ನನ್ನ ಹತ್ತಿರ ಬಂದರು.

"ಸಿಸ್ಟ್ರೇ, ನೀವು ಎರಡು ಮಾತಾಡ್ರಿ. ಹನ್ನೊಂದು ವರ್ಷ ಒಂದೇ ವಾರ್ಡಿನಾಗೆ ಇದ್ದೋರು ನೀವು."

ಎದ್ದು ಹೋಗಿ ಮೈಕು ಹಿಡಿದೆ. "ಬಹಳ ಒಳ್ಳೆಯವರು" ಎಂದೆ. ಅಷ್ಟೇ. ವಾಪಸು ಬಂದು ಕೂತುಬಿಟ್ಟೆ. ಜನ ನನಗೆ ದುಃಖ ಉಕ್ಕಿ ಬಂದಿದೆ ಎಂದುಕೊಂಡು ನೀರು ತಂದುಕೊಟ್ಟರು. ದುಃಖವೇನೂ ಉಕ್ಕಿರಲಿಲ್ಲ. ಹೇಳಬೇಕಾದ ಮಾತು ಒಂದೇ ಇತ್ತು, ಅದು ಬಾಯಿಗೆ ಬರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಇನ್ನಷ್ಟು ದಿನ ಹೊತ್ತುಕೊಂಡು ತಿರುಗುವ ಶಕ್ತಿಯೂ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಆಸ್ಪತ್ರೆಯ ನರ್ಸಾಗಿದ್ದವಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಈ ನಾಲ್ಕು ಊರುಗಳ ಸುತ್ತಲೇ ನನ್ನ ಸರ್ವೀಸು ಮುಗಿಯಿತು. ಈ ಸಂಗತಿ ನಡೆದದ್ದು ಯಾವ ಆಸ್ಪತ್ರೆಯಲ್ಲಿ ಎಂದು ಹೇಳುವುದಿಲ್ಲ. ಆಕೆಯ ಹೆಸರನ್ನೂ ಹೇಳುವುದಿಲ್ಲ. ತಪ್ಪು ನನ್ನದು, ಊರಿನದಲ್ಲ.

ನರ್ಸಿಂಗ್ ಕಲಿಯುವಾಗ ನಮ್ಮ ಹಾಸ್ಟೆಲಿನ ವಾರ್ಡನ್ ಬೆಳಿಗ್ಗೆ ಐದಕ್ಕೆ ಬಂದು ಹಾಸಿಗೆಯ ಮೂಲೆಗಳನ್ನು ಎಳೆದು ನೋಡುತ್ತಿದ್ದರು. ಮಡಿಕೆ ಸಡಿಲವಿದ್ದರೆ ಹಾಸಿಗೆಯನ್ನೇ ಕಿತ್ತು ನೆಲಕ್ಕೆ ಎಸೆಯುತ್ತಿದ್ದರು. ನನ್ನ ಹಾಸಿಗೆಯನ್ನು ಮೂರು ವರ್ಷದಲ್ಲಿ ಒಮ್ಮೆಯೂ ಎಸೆಯಲಿಲ್ಲ. ಇಂದಿಗೂ ನಾಲ್ಕೂಮುಕ್ಕಾಲಿಗೆ ಏಳುತ್ತೇನೆ, ಐದೂವರೆಗೆ ಸ್ನಾನ, ಆರಕ್ಕೆ ಕಾಫಿ. ಇನ್‌ಚಾರ್ಜ್ ಸಿಸ್ಟರ್ ಆದಮೇಲೆ ನನ್ನ ಕೈಕೆಳಗಿನ ವಾರ್ಡನ್ನೂ ಹಾಗೆಯೇ ಇಟ್ಟೆ. ಬೆಳಗಿನ ಆರಕ್ಕೆ ಮೂವತ್ತು ಹಾಸಿಗೆಗಳ ಜ್ವರ, ನಾಡಿ, ಉಸಿರು ಮೂರೂ ಚಾರ್ಟಿನ ಮೇಲೆ ಬಂದಿರಬೇಕು. ಆರೂಕಾಲಿಗಲ್ಲ.

ಇಂಥ ವಾರ್ಡಿಗೆ ಆಕೆ ವರ್ಗವಾಗಿ ಬಂದಳು. ಜಗಳೂರು ಕಡೆಯ ಹೆಣ್ಣುಮಗಳು, ಬಸವಾಪಟ್ಟಣಕ್ಕೆ ಕೊಟ್ಟಿದ್ದರು. ಯಜಮಾನರಿಗೆ ಕತ್ತಲಗೆರೆಯಲ್ಲಿ ಕೆಲಸ. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಗುಂಡಗಿನ ಮೈ, ಗಿಡ್ಡ ಕತ್ತು, ಕೆನ್ನೆಯಲ್ಲಿ ಯಾವಾಗಲೂ ನಗು. ಬಂದ ಎರಡನೇ ದಿನ ಬೆಳಿಗ್ಗೆ ಆರಕ್ಕೆ ಹನ್ನೆರಡು ಹಾಸಿಗೆಯೂ ಮುಗಿದಿರಲಿಲ್ಲ. ಹೋಗಿ ನೋಡಿದರೆ ಒಬ್ಬ ಅಜ್ಜಿಯ ಮಣಿಕಟ್ಟು ಹಿಡಿದುಕೊಂಡು ಗಡಿಯಾರ ನೋಡುತ್ತ ನಿಂತಿದ್ದಾಳೆ. ಹದಿನೈದು ಸೆಕೆಂಡಾಯಿತು, ಮೂವತ್ತಾಯಿತು, ಬಿಡಲಿಲ್ಲ.

"ಏನ್ರಿ ಮಾಡ್ತಿದ್ದೀರಿ?"

"ನಾಡಿ ಎಣಸ್ತಿದ್ದೀನ್ರಿ ಸಿಸ್ಟರ್."

"ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಮೂವತ್ತು ಹಾಸಿಗೆ ಇದೆ."

"ಒಂದು ನಿಮಿಷಕ್ಕೆ ಎಷ್ಟು ಅಂತ ಬರೀತೀವಲ್ರಿ. ಎಣಿಸೋದು ಮಾತ್ರ ಕಾಲು ನಿಮಿಷ. ಉಳಿದ ಮುಕ್ಕಾಲು ನಿಮಿಷದಾಗೆ ಅದು ಏನು ಮಾಡ್ತು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಅಜ್ಜಿ ಇಬ್ಬರ ಮುಖವನ್ನೂ ನೋಡಿ, "ಎಣಿಸ್ಲಿ ಬಿಡವ್ವ, ನಂಗೇನೂ ಅರ್ಜೆಂಟಿಲ್ಲ," ಎಂದಳು. ಅಕ್ಕಪಕ್ಕದ ಹಾಸಿಗೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಂದು ದಿನ ಹಳೆಯ ಚಾರ್ಟುಗಳನ್ನು ಹರಡಿಕೊಂಡು ಕೂತವಳು ನನ್ನನ್ನು ಕರೆದು ತೋರಿಸಿದಳು. ಎಪ್ಪತ್ತೆರಡು, ಎಪ್ಪತ್ತಾರು, ಎಂಬತ್ತು, ಎಂಬತ್ತನಾಲ್ಕು. "ನೋಡ್ರಿ ಸಿಸ್ಟರ್, ನೀವು ಬರೆದದ್ದೆಲ್ಲಾ ನಾಲ್ಕರಿಂದ ಭಾಗ ಆಗ್ತಾವೆ. ಈ ತಾಲ್ಲೂಕಿನಾಗೆ ಎಪ್ಪತ್ತೊಂದು ಬಡಿಯೋ ಮನುಷ್ಯ ಒಬ್ಬನೂ ಹುಟ್ಟಿಲ್ಲೇನು?" ಆಕೆಯ ಚಾರ್ಟಿನಲ್ಲಿ ಎಪ್ಪತ್ತೊಂದು, ಅರವತ್ತೊಂಬತ್ತು, ಎಂಬತ್ತಮೂರು ಎಲ್ಲ ಇದ್ದವು. ತಪಾಸಣೆಗೆ ಬಂದವರು ಹೊಗಳಿದ್ದು ಮಾತ್ರ ನನ್ನ ಚಾರ್ಟುಗಳನ್ನು. ಬೇಗ ಮುಗಿದಿದ್ದವು, ಅಕ್ಷರ ದುಂಡಗಿತ್ತು.

ಒಮ್ಮೆ ಕತ್ತಲಗೆರೆ ಕಡೆಯ ಒಬ್ಬ ಅಜ್ಜ ಕಾಲಿನ ಕುರುವಿಗೆಂದು ದಾಖಲಾಗಿದ್ದ. ನಾನು ಎಪ್ಪತ್ತಾರು ಎಂದು ಬರೆದು ಹೋಗಿದ್ದೆ. ಮಧ್ಯಾಹ್ನ ಆಕೆ ಎಣಿಸಿ ಎಪ್ಪತ್ತೊಂಬತ್ತು ಎಂದು ಬರೆದು ಅಂಚಿನಲ್ಲಿ "ಬಡಿತ ನಾಲ್ಕು ಸಲ ತಪ್ಪಿತು" ಎಂದು ಸೇರಿಸಿದ್ದಳು. ಡಾಕ್ಟರು ಅದನ್ನು ನೋಡಿ ಇಸಿಜಿ ಮಾಡಿಸಿ ಅಂದೇ ದಾವಣಗೆರೆಗೆ ಕಳಿಸಿದರು. ತಿಂಗಳ ಮೇಲೆ ಅಜ್ಜ ನೆಟ್ಟಗಾಗಿ ಬಂದು ಒಂದು ಗೊನೆ ಬಾಳೆಹಣ್ಣನ್ನು ನನ್ನ ಮೇಜಿನ ಮೇಲಿಟ್ಟ. ಇನ್‌ಚಾರ್ಜ್ ನಾನಲ್ಲವೇ. ತೆಗೆದುಕೊಂಡು ಇಡೀ ವಾರ್ಡಿಗೆ ಹಂಚಿದೆ. ಎಣಿಸಿದ್ದು ಆಕೆ ಎಂದು ಅಜ್ಜನಿಗೆ ಹೇಳಲಿಲ್ಲ.

ಇಷ್ಟು ಚೆನ್ನಾಗಿ ಎಣಿಸುವವಳಲ್ಲಿ ಒಂದು ದೊಡ್ಡ ದೋಷವಿತ್ತು. ನಿದ್ದೆ. ಕೂತರೆ ತೂಕಡಿಸುತ್ತಿದ್ದಳು. ಬಸ್ಸಿನಲ್ಲಿ ಬಸವಾಪಟ್ಟಣ ದಾಟಿ ಎಷ್ಟೋ ಮುಂದೆ ಹೋಗಿ ಎಚ್ಚರಾಗುತ್ತಿದ್ದಳು. ಆ ದಾರಿಯ ಕಂಡಕ್ಟರುಗಳೆಲ್ಲ ಆಕೆಗೆ ಟಿಕೆಟ್ಟಿನ ಜೊತೆಗೆ ಎಬ್ಬಿಸುವ ಭರವಸೆಯನ್ನೂ ಕೊಡುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಏಪ್ರನ್ ಜೇಬಿನಿಂದ ಹಸಿಮೆಣಸಿನಕಾಯಿ ತೆಗೆದು ಕಚ್ಚುತ್ತಿದ್ದಳು. ಇದೇನು ವಿಚಿತ್ರ ಚಪಲ ಎಂದುಕೊಂಡಿದ್ದೆ. ಬೆಳಿಗ್ಗೆ ಬರುವಾಗಲೇ ತಲೆನೋವು ಎನ್ನುತ್ತಿದ್ದಳು. ಅದನ್ನೂ ನೆಪವೆಂದೇ ಲೆಕ್ಕ ಹಾಕಿದೆ.

ಯಜಮಾನರು ಒಮ್ಮೆ ಆಸ್ಪತ್ರೆಗೆ ಬಂದಾಗ ನಗುತ್ತ ಹೇಳಿದ್ದರು: "ಮನೆಯಾಗೂ ಹಂಗೇರಿ. ದಿಂಬಿಗೆ ತಲೆ ಕೊಟ್ಲು ಅಂದ್ರೆ ರೈಸ್ ಮಿಲ್ ಚಾಲೂ. ನಾನು ಪಡಸಾಲಿಗೆ ಬಂದು ಮಲಗಾಕೆ ಹತ್ತಿ ಯಾವ ಕಾಲವಾತು. ಪುಣ್ಯವಂತೆ, ಅಂಥಾ ನಿದ್ದಿ ಯಾರಿಗೆ ಬರ್ತೈತೆ?"

ನಾನೂ ನಕ್ಕಿದ್ದೆ. ಡಾಕ್ಟರೂ ನಕ್ಕಿದ್ದರು. ಗೊರಕೆ ಹೊಡೆಯುವವರಿಗೆ ಒಳ್ಳೆಯ ನಿದ್ದೆ ಎಂದೇ ನಾವೆಲ್ಲ ತಿಳಿದಿದ್ದೆವು. ಅಷ್ಟು ಜನ ಆಸ್ಪತ್ರೆಯವರೇ ಸೇರಿ.

ಮೂರು ಮೆಮೊ ಕೊಟ್ಟೆ. ಮೂರರಲ್ಲೂ ಒಂದೇ ವಾಕ್ಯ: ಕರ್ತವ್ಯದ ವೇಳೆ ನಿದ್ರಿಸುತ್ತಿರುವುದು ಕಂಡುಬಂದಿದೆ. ಮೂರನೆಯದಕ್ಕೆ ಸಹಿ ಹಾಕುವಾಗ ಆಕೆ ಹೇಳಿದಳು:

"ಸಿಸ್ಟರ್, ನಮ್ಮನ್ಯಾಗೆ ಬುದ್ಧನೂ ಕಣ್ಣು ಮುಚ್ಕೊಂಡೇ ಕುಂತಾನೆ. ಅವನಿಗೂ ಒಂದು ಕೊಟ್ಬಿಡ್ರಿ."

"ತಮಾಷೆ ಸಾಕು. ಸಹಿ ಹಾಕಿ."

ಹಾಕಿದಳು. ಪೆನ್ನು ವಾಪಸು ಇಸಿದುಕೊಂಡೆ.

ವರ್ಷಕ್ಕೊಮ್ಮೆ ಸಿಬ್ಬಂದಿಯ ಆರೋಗ್ಯ ತಪಾಸಣೆ ಇರುತ್ತಿತ್ತು. ಒಂದು ಸಲ ಆಕೆಯ ನಾಡಿ ನೋಡುವ ಸರದಿ ನನ್ನದು. ಹದಿನೈದು ಸೆಕೆಂಡು ಎಣಿಸಿ ಕೈ ಬಿಟ್ಟೆ. ಹದಿನೆಂಟು, ಎಪ್ಪತ್ತೆರಡು, ಲಯಬದ್ಧ ಎಂದು ಬರೆದೆ. ಆಕೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಹಾಗೆಯೇ ಚಾಚಿಕೊಂಡು ಕೂತಿದ್ದಳು.

"ಸಿಸ್ಟರ್, ಇನ್ನೂ ಮುಕ್ಕಾಲು ನಿಮಿಷ ಬಾಕಿ ಐತ್ರಿ."

"ಮುಂದಿನವರು ಬನ್ನಿ," ಎಂದೆ.

ನನ್ನ ನಿವೃತ್ತಿಗೆ ಏಳು ತಿಂಗಳಿರುವಾಗ ಆ ಫೋಟೊ ಬಂತು. ರೋಗಿಯ ಕಡೆಯವರೊಬ್ಬರು ಮೊಬೈಲಿನಲ್ಲಿ ತೆಗೆದದ್ದು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಆಕೆ, ರೋಗಿಯ ಮಣಿಕಟ್ಟಿನ ಮೇಲೆ ಬೆರಳು, ಗದ್ದ ಎದೆಗೆ ಬಿದ್ದಿದೆ, ಬಾಯಿ ತೆರೆದಿದೆ. "ನಮ್ಮ ತೆರಿಗೆ ಹಣದ ನಿದ್ದೆ" ಎಂದು ಬರೆದು ವಾಟ್ಸ್ಯಾಪಿಗೆ ಹಾಕಿದ್ದರು. ಸಂಜೆಯೊಳಗೆ ಹೊನ್ನಾಳಿಯಿಂದ ಜಗಳೂರಿನವರೆಗೆ ಎಲ್ಲರ ಮೊಬೈಲಿಗೂ ಬಂತು. ನಮ್ಮ ದೊಡ್ಡ ಡಾಕ್ಟರು ಕರೆದು, "ಮೂರು ದಿನದಲ್ಲಿ ವರದಿ ಕೊಡಿ. ಹಳೇ ಮೆಮೊಗಳನ್ನೂ ಲಗತ್ತಿಸಿ," ಎಂದರು. ಹಾಗೆ ಲಗತ್ತಿಸಿದರೆ ಅಮಾನತು ಖಚಿತ ಎಂಬುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಎರಡನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಡ್ಯೂಟಿ ರೂಮಿನ ಬೆಂಚಿನ ಮೇಲೆ ಆಕೆ ಮಲಗಿದ್ದಳು. ಎಷ್ಟು ಹೊತ್ತಿಗೆ ಏಳುತ್ತಾಳೆ, ಬಿಡುವು ಮೀರಿ ಎಷ್ಟು ನಿಮಿಷ ಎಂದು ವರದಿಗೆ ಬರೆದುಕೊಳ್ಳಲು ನಾನು ಗಡಿಯಾರ ಹಿಡಿದು ನಿಂತೆ. ಹೌದು, ಅದಕ್ಕೇ ನಿಂತಿದ್ದು. ಗೊರಕೆ ಜೋರಾಗಿತ್ತು. ಹಾಗೆಯೇ ಕೇಳುತ್ತಿದ್ದಂತೆ ಅದು ತಟ್ಟನೆ ನಿಂತಿತು. ಕೋಣೆ ನಿಶ್ಶಬ್ದವಾಯಿತು. ಎದೆ ಏಳುತ್ತಿತ್ತು, ಹೊಟ್ಟೆ ಎಳೆಯುತ್ತಿತ್ತು, ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ.

ಎಬ್ಬಿಸಲೆಂದು ಕೈ ಹಿಡಿದೆ. ಬೆರಳು ಅಭ್ಯಾಸದಿಂದ ನಾಡಿಯ ಮೇಲೆ ಹೋಯಿತು, ಕಣ್ಣು ಗಡಿಯಾರದ ಮೇಲೆ. ಮೊದಲ ಹದಿನೈದು ಸೆಕೆಂಡಿಗೆ ಹದಿಮೂರು. ಬಿಡಬೇಕಾದ ಜಾಗದಲ್ಲಿ ಬಿಡಲಿಲ್ಲ. ಎರಡನೇ ಹದಿನೈದಕ್ಕೆ ಹನ್ನೊಂದು. ಒಂದೊಂದು ಬಡಿತಕ್ಕೂ ಕಾಯಬೇಕಾಗಿತ್ತು. ಆಮೇಲೆ ಮುಳುಗಿದವರು ಮೇಲೆ ಬಂದ ಹಾಗೆ ದೊಡ್ಡ ಸದ್ದು ಮಾಡಿ ಉಸಿರೆಳೆದಳು, ಮೈಯೆಲ್ಲ ಅದುರಿತು, ನಾಡಿ ನನ್ನ ಬೆರಳ ಕೆಳಗೆ ಓಡತೊಡಗಿತು. ಮೂರನೇ ಹದಿನೈದಕ್ಕೆ ಇಪ್ಪತ್ತೈದು. ಕೊನೆಯದಕ್ಕೆ ಹದಿನೆಂಟು. ಒಟ್ಟು ಅರವತ್ತೇಳು. ಚಾರ್ಟಿನ ಮೇಲೆ ಬರೆದರೆ ಯಾರೂ ಎರಡನೇ ಸಲ ನೋಡದ ಅಂಕಿ. ಆ ಅಂಕಿಯ ಒಳಗೆ ಒಬ್ಬ ಹೆಂಗಸು ಉಸಿರು ಕಟ್ಟಿ ಒದ್ದಾಡಿ ವಾಪಸು ಬಂದಿದ್ದಳು. ಆಕೆಗೆ ಎಚ್ಚರವೂ ಆಗಿರಲಿಲ್ಲ. ಮುಂದಿನ ನಿಮಿಷವೂ ಹಾಗೆಯೇ ಆಯಿತು. ಅದರ ಮುಂದಿನದೂ.

ಮೇಜಿನ ಖಾನೆಯಿಂದ ಒಂದು ಖಾಲಿ ಚಾರ್ಟು ತೆಗೆದೆ. ರೋಗಿಯ ಹೆಸರಿನ ಜಾಗದಲ್ಲಿ ಆಕೆಯ ಹೆಸರು ಬರೆದೆ. ಕಾಲು ನಿಮಿಷಕ್ಕೊಂದು ಚುಕ್ಕಿ ಇಡುತ್ತ ಹೋದೆ. ಗೆರೆ ಎಳೆದಾಗ ಅದು ಗರಗಸದ ಹಲ್ಲಿನಂತೆ ಕಂಡಿತು.

ಅದನ್ನು ಹೊಸದಾಗಿ ಬಂದಿದ್ದ ಫಿಸಿಷಿಯನ್ ಹತ್ತಿರ ತೆಗೆದುಕೊಂಡು ಹೋದೆ. ನನ್ನ ಮಗನ ವಯಸ್ಸಿನ ಹುಡುಗ. ಚಾರ್ಟನ್ನು ನೋಡಿ ಎದ್ದು ನಿಂತರು. "ಗಂಟಲು ಮುಚ್ಚಿಕೊಳ್ತಿದೆ ಸಿಸ್ಟರ್. ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ. ರಾತ್ರಿಯೆಲ್ಲ ಇದೇ. ಇವರು ಮಲಗಿದ್ದಾರೆ ಅಷ್ಟೇ, ನಿದ್ದೆ ಮಾಡಿಲ್ಲ. ಎಷ್ಟು ವರ್ಷದಿಂದ ಮಾಡಿಲ್ಲವೋ."

ದಾವಣಗೆರೆಯಲ್ಲಿ ಪರೀಕ್ಷೆಯಾಯಿತು. ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ದಿನವಿಡೀ ಇಸಿಜಿ ಬರೆಯುವ ಪುಟ್ಟ ಯಂತ್ರವನ್ನು ಸೊಂಟಕ್ಕೆ ಕಟ್ಟಿ ಕಳಿಸಿದರು. ಕಾಗದಗಳು ಬಂದಮೇಲೆ ನಮ್ಮ ಹೊಸ ಡಾಕ್ಟರು ನನಗೆ ಬಿಡಿಸಿ ಹೇಳಿದರು.

"ಆರೋಗ್ಯವಾಗಿರೋ ಹೃದಯ ಗಡಿಯಾರದ ಥರ ಬಡಿಯಲ್ಲ. ಉಸಿರು ಒಳಗೆ ಎಳೆದಾಗ ಒಂಚೂರು ಬೇಗ, ಬಿಟ್ಟಾಗ ಒಂಚೂರು ನಿಧಾನ. ಬಡಿತದಿಂದ ಬಡಿತಕ್ಕೆ ಅಷ್ಟು ಸಡಿಲ ಇರಬೇಕು. ಇವರಿಗೆ ಎಚ್ಚರ ಇರುವಾಗ ಆ ಸಡಿಲವೇ ಹೋಗಿಬಿಟ್ಟಿದೆ, ಒಂದೇ ಸಮ ಬಿಗಿ. ನಿದ್ದೆ ಬಂದರೆ ಈ ಹುಚ್ಚು ಏರಿಳಿತ. ಎರಡೂ ಒಂದೇ ಕಾಯಿಲೆಯ ಗುರುತು. ದಣಿದಿದೆ ಹೃದಯ."

ಒಂದೇ ಸಮ ಇದ್ದರೆ ಒಳ್ಳೆಯದು ಎಂದು ನಾನು ಬದುಕಿದವಳು. ನನ್ನ ಸರ್ವೀಸಿನುದ್ದಕ್ಕೂ ಲಯಬದ್ಧ ಎಂದು ಬರೆದು ಅಡಿಗೆರೆ ಎಳೆದವಳು.

ಈಗ ವರದಿಯ ಮಾತು, ಪರೀಕ್ಷೆಗೆಂದು ಅದಕ್ಕೆ ಹೆಚ್ಚು ದಿನ ಕೇಳಿ ಪಡೆದಿದ್ದೆ. ಆಕೆಯ ಕಾಯಿಲೆಯನ್ನು ಬರೆದೆ, ಚಾರ್ಟನ್ನು ಲಗತ್ತಿಸಿದೆ, ಡಾಕ್ಟರ ಪತ್ರ ಸೇರಿಸಿದೆ. ಕೊನೆಗೆ ಒಂದು ವಾಕ್ಯ ಉಳಿದಿತ್ತು: ಈ ಹಿಂದಿನ ಮೂರು ಮೆಮೊಗಳನ್ನು ನಾನು ಪರೀಕ್ಷಿಸದೆ ಕೊಟ್ಟಿದ್ದೆ, ಅವನ್ನು ಹಿಂಪಡೆಯುತ್ತೇನೆ. ಕರಡಿನಲ್ಲಿ ಬರೆದಿದ್ದೆ. ಶುದ್ಧ ಪ್ರತಿ ಮಾಡುವಾಗ ಬಿಟ್ಟುಬಿಟ್ಟೆ. ಏಳು ತಿಂಗಳಲ್ಲಿ ನಿವೃತ್ತಿ. ಇಷ್ಟು ವರ್ಷದಲ್ಲಿ ನನ್ನ ಹಾಸಿಗೆಯನ್ನು ಯಾರೂ ಎಸೆದಿರಲಿಲ್ಲ.

ಆಕೆಯ ಕೆಲಸ ಉಳಿಯಿತು. ಮೆಮೊಗಳೂ ಸೇವಾ ಪುಸ್ತಕದಲ್ಲಿ ಉಳಿದವು.

ರಾತ್ರಿ ಮುಖಕ್ಕೆ ಕಟ್ಟಿಕೊಂಡು ಮಲಗುವ ಗಾಳಿಯ ಯಂತ್ರ ಮನೆಗೆ ಬಂತು. ಯಜಮಾನರು, "ಮನೆಯಾಗೆ ಆನೆ ಮರಿ ಸಾಕಿದಂಗೆ ಆಗೇತ್ರಿ, ಸೊಂಡಿಲು ಒಂದೇ ಕಾಣ್ತೈತೆ," ಎಂದು ಎಲ್ಲರಿಗೂ ಹೇಳುತ್ತಿದ್ದರು. ಆದರೆ ಪಡಸಾಲೆಯಿಂದ ಒಳಗೆ ಬಂದು ಮಲಗತೊಡಗಿದ್ದರು. ಎರಡು ವಾರಕ್ಕೆ ಆಕೆಯ ಜೇಬಿನಿಂದ ಹಸಿಮೆಣಸಿನಕಾಯಿ ಮಾಯವಾಯಿತು. ತಿಂಗಳಿಗೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳಂತೆ. "ಆ ದಾರಿಯಾಗೆ ಇಷ್ಟು ದೊಡ್ಡ ಕೆರೆ ಐತೆ ಅಂತ ನಂಗೆ ಗೊತ್ತೇ ಇರಲಿಲ್ರಿ," ಎಂದಳು.

ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಕೇಳಿದಳು: "ಸಿಸ್ಟರ್, ಒಂದೇ ಮಾತು ಕೇಳ್ತೀನಿ. ನಾನು ಮೈಗಳ್ಳಿ ಅಂತ ನೀವು ಖರೇನೇ ಅಂದ್ಕೊಂಡಿದ್ರಾ?"

"ಡ್ಯೂಟಿ ಅಂದ್ರೆ ಡ್ಯೂಟಿ," ಎಂದೆ.

ಆಕೆ ಎದ್ದು ಹೋಗಿ ಏಳನೇ ಹಾಸಿಗೆಯವರ ನಾಡಿ ಎಣಿಸತೊಡಗಿದಳು.

ನಾನು ನಿವೃತ್ತಳಾದಾಗ ಇನ್‌ಚಾರ್ಜ್ ಆಗಬೇಕಾಗಿದ್ದವಳು ಆಕೆಯೇ. ಮೂರು ಮೆಮೊ ಇರುವವರಿಗೆ ಕೊಡಲಾಗದು ಎಂದು ಕಿರಿಯಳೊಬ್ಬಳಿಗೆ ಕೊಟ್ಟರು. ಬೀಳ್ಕೊಡುಗೆಯ ದಿನ ನನಗೆ ಹಾರ ಹಾಕಿದ್ದು ಆಕೆಯೇ. "ಇನ್‌ಚಾರ್ಜ್ ಆದ್ರೆ ಮೆಮೊ ಬರೀಬೇಕಾಗ್ತೈತೆ. ನನ್ನ ಅಕ್ಷರ ಚಲೋ ಇಲ್ಲ, ಬಿಡ್ರಿ ಸಿಸ್ಟರ್," ಎಂದು ಎಲ್ಲರ ಮುಂದೆ ನಗಿಸಿದಳು. ನಾನು ಫಲತಾಂಬೂಲ ತೆಗೆದುಕೊಂಡು ಮನೆಗೆ ಬಂದೆ. ಮರುದಿನವೂ ನಾಲ್ಕೂಮುಕ್ಕಾಲಿಗೆ ಎದ್ದೆ. ಮಾಡಲು ಏನೂ ಇರಲಿಲ್ಲ.

ಆಕೆಯೂ ನಿವೃತ್ತಳಾದಳು, ಸಾಮಾನ್ಯ ನರ್ಸಾಗಿಯೇ. ಕಳೆದ ವರ್ಷ ಹೃದಯ ಸೋಲುತ್ತಿದೆ ಎಂಬ ಸುದ್ದಿ ಬಂತು. ಯಂತ್ರ ಬರುವ ಮೊದಲಿನ ಅಷ್ಟು ವರ್ಷಗಳ ದಣಿವನ್ನು ಯಂತ್ರ ವಾಪಸು ಕೊಡಲಾರದು ಎಂದರಂತೆ ಡಾಕ್ಟರು. ಅಂದು ಕೂತು ಆ ಬಿಟ್ಟ ವಾಕ್ಯವನ್ನು ಪತ್ರವಾಗಿ ಬರೆದು ಇಲಾಖೆಗೆ ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಇಬ್ಬರೂ ನಿವೃತ್ತರಾಗಿರುವುದರಿಂದ ಪರಿಗಣಿಸಲು ಅವಕಾಶವಿಲ್ಲ. ಎರಡು ಸಾಲು, ಒಂದು ಮೊಹರು.

ಪತ್ರದ ನಕಲು ಹಿಡಿದುಕೊಂಡು ಬಸವಾಪಟ್ಟಣಕ್ಕೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಾಲು ಬಾತಿದ್ದವು. ಪಕ್ಕದ ಸ್ಟೂಲಿನ ಮೇಲೆ ಆನೆ ಮರಿ ಸೊಂಡಿಲು ಸುತ್ತಿಕೊಂಡು ಕೂತಿತ್ತು.

"ಬರ್ರಿ ಸಿಸ್ಟರ್. ಕರೆಕ್ಟ್ ಟೈಮಿಗೆ ಬಂದ್ರಿ, ನಿದ್ದೆ ಹತ್ತೋ ಟೈಮು. ಏನದು, ನಾಲ್ಕನೇ ಮೆಮೊ ಏನು?"

"ಓದ್ತೀನಿ, ಕೇಳಿ," ಎಂದೆ.

ಓದಿದೆ. ನನ್ನ ದನಿ ವರದಿ ಓದುವ ದನಿಯೇ ಆಗಿತ್ತು, ಬೇರೆ ದನಿ ನನಗೆ ಬರುವುದಿಲ್ಲ. "ಪರೀಕ್ಷಿಸದೆ ಕೊಟ್ಟದ್ದು ನನ್ನ ತಪ್ಪು" ಎಂಬಲ್ಲಿಗೆ ಬರುವಷ್ಟರಲ್ಲಿ ತಲೆ ಎತ್ತಿ ನೋಡಿದರೆ ಆಕೆಯ ಕಣ್ಣು ಮುಚ್ಚಿದ್ದವು. ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಈ ಸಲ ನಾನು ಆಕೆಯನ್ನು ಎಬ್ಬಿಸಲಿಲ್ಲ. ಕಾಗದ ಮಡಿಸಿಟ್ಟು ಯಂತ್ರದ ಮುಸುಕನ್ನು ಮೆಲ್ಲಗೆ ಮುಖಕ್ಕೆ ಹೊಂದಿಸಿ ಗುಂಡಿ ಒತ್ತಿದೆ. ಪಕ್ಕದಲ್ಲಿ ಕೂತು ಕೈ ತೆಗೆದುಕೊಂಡೆ. ಗೋಡೆಯ ಗಡಿಯಾರದಲ್ಲಿ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು ಎಣಿಸತೊಡಗಿದೆ. ಕಾಲು ನಿಮಿಷ. ಅರ್ಧ. ಮುಕ್ಕಾಲು. ಪೂರ್ತಿ.

ಮುಸುಕಿನ ಒಳಗಿಂದ ದನಿ ಬಂತು. ಕಣ್ಣು ಮುಚ್ಚಿಯೇ ಇದ್ದವು.

"ಎಷ್ಟು ಬಂತ್ರಿ?"

"ಎಪ್ಪತ್ತೊಂದು."

ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ನಾಲ್ಕರಿಂದ ಭಾಗ ಆಗಲ್ಲ," ಎಂದಳು. "ಹಂಗಾದ್ರೆ ಪೂರ್ತಿ ಎಣಿಸೀರಿ."

ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಬಿಡಲಿಲ್ಲ. ಸಂಜೆ ಯಜಮಾನರು ಕತ್ತಲಗೆರೆಯಿಂದ ಬರುವವರೆಗೂ ಹಾಗೆಯೇ ಕೂತಿದ್ದೆ, ಎಣಿಸದೆ.